ಹಾಸನದ ಟ್ರಸ್ಟ್‌ಗೆ ಹೊರರಾಜ್ಯದ ದೇಣಿಗೆ

ಹಾಸನದಲ್ಲಿ ನೋಂದಣಿಯಾದ ಟ್ರಸ್ಟು ಕೇರಳದವರಿಂದಲೋ ದೆಹಲಿಯವರಿಂದಲೋ ಹಣ ಪಡೆಯಲು ಅಲ್ಲೂ ನೋಂದಣಿ ಮಾಡಿಸಬೇಕೇ? ಬ್ಯಾಂಕ್ ಖಾತೆಗೆ ಬರುವ ದೇಣಿಗೆಗೆ ಬೇಡ. ಅಮೆರಿಕದಲ್ಲಾದರೆ ದೇಣಿಗೆ ಕೇಳಲು ಹಲವು ರಾಜ್ಯಗಳಿಗೆ ಬೇರೆಬೇರೆ ಅರ್ಜಿ ಹಾಕಬೇಕು. ನಮ್ಮಲ್ಲಿ ದಾನಿ ಕೇಳುವುದು 80ಜಿ, ಅಂದರೆ ದಾನಿಗೆ ತೆರಿಗೆ ರಿಯಾಯಿತಿ ಸಿಗುವಂತೆ ಟ್ರಸ್ಟು ಪಡೆಯುವ ಮಂಜೂರಾತಿ. ಅದನ್ನು ಕೊಡುವುದು ಕೇಂದ್ರದ ಆದಾಯ ತೆರಿಗೆ ಇಲಾಖೆ, ದೇಶಕ್ಕೆಲ್ಲ ಒಂದೇ. ಆದರೆ ಮಹಾರಾಷ್ಟ್ರದಲ್ಲೋ ಗುಜರಾತಿನಲ್ಲೋ ಕಚೇರಿ ತೆರೆಯುವ, ಆಸ್ತಿ ಕೊಳ್ಳುವ, ಬೀದಿಗಿಳಿದು ಚಂದಾ ಎತ್ತುವ ಯೋಚನೆಯಿದ್ದರೆ ಅಲ್ಲಿನ ಚಾರಿಟಿ ಕಮಿಷನರ್ (ಟ್ರಸ್ಟುಗಳ ಮೇಲ್ವಿಚಾರಣೆ ನೋಡುವ ಅಧಿಕಾರಿ) ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಕೆಲಸ ಕೆಡುವುದು ಹೆಚ್ಚಾಗಿ ಡೀಡ್‌ನಲ್ಲೇ, ಅಂದರೆ ಟ್ರಸ್ಟಿನ ಉದ್ದೇಶ, ಷರತ್ತು ಬರೆದಿಡುವ ಪತ್ರದಲ್ಲೇ. ದೇವಸ್ಥಾನದ ಜೀರ್ಣೋದ್ಧಾರ, ಬಡಮಕ್ಕಳ ಶಾಲೆ, ನಮ್ಮ ಜನಾಂಗದವರಿಗೊಂದು ಹಾಸ್ಟೆಲು, ಮೂರನ್ನೂ ಒಂದೇ ಡೀಡ್‌ಗೆ ತುರುಕಿದರೆ 80ಜಿ ಕೈತಪ್ಪಿತೆಂದೇ ಲೆಕ್ಕ. ಧಾರ್ಮಿಕ ಖರ್ಚು ವರ್ಷದ ಆದಾಯದ ಶೇ 5 ಮೀರಬಾರದು. ಒಂದೇ ಜಾತಿ, ಧರ್ಮದವರಿಗೆಂದು ಬರೆಯಲೂ ಬಾರದು. ದೇವಸ್ಥಾನಕ್ಕೆ ಬೇರೆ ಟ್ರಸ್ಟು ಮಾಡಿ. ಟ್ರಸ್ಟನ್ನು ರದ್ದುಪಡಿಸಲಾಗದು ಎಂಬ ಷರತ್ತು ಬರೆಯಿರಿ. ವಿಸರ್ಜನೆಯಾದರೆ ಆಸ್ತಿ ಟ್ರಸ್ಟಿಗಳಿಗೆ ಹಂಚಿಕೆಯಾಗದೆ ಇದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗತಕ್ಕದ್ದು ಎಂಬುದನ್ನೂ ಸೇರಿಸಿ. ಡೀಡ್ ಕನ್ನಡದಲ್ಲಿದ್ದರೆ ಹೆಸರಿನ ಇಂಗ್ಲಿಷ್ ಕಾಗುಣಿತ ಅದರಲ್ಲೇ ಇರಲಿ. ಇಲ್ಲವಾದರೆ ಪ್ಯಾನ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಆಗಿ ತಿಂಗಳುಗಟ್ಟಲೆ ಅಲೆಯುತ್ತೀರಿ.

ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಾವೇರಿ ಪೋರ್ಟಲ್‌ನಲ್ಲಿ ದಿನ ಗೊತ್ತು ಮಾಡಿಕೊಂಡು ಟ್ರಸ್ಟಿಗಳು, ಇಬ್ಬರು ಸಾಕ್ಷಿಗಳು ಗುರುತಿನ ಚೀಟಿ ಸಮೇತ ಹೋಗಬೇಕು. ಕಚೇರಿ ವಿಳಾಸಕ್ಕೆ ಮನೆ ಮಾಲೀಕರ ಒಪ್ಪಿಗೆ ಪತ್ರ, ಕರೆಂಟ್ ಬಿಲ್ಲು ಇಟ್ಟುಕೊಳ್ಳಿ.  ಬಿಲ್ಲು ತೀರಿಹೋದ ಅಜ್ಜನ ಹೆಸರಲ್ಲೇ ಇರುವುದು ಇಲ್ಲಿ ಮಾಮೂಲು. ಒಪ್ಪಿಗೆಗೆ ಸಹಿ ಮಾಡುವವರೊಬ್ಬರು, ಬಿಲ್ಲಿನಲ್ಲಿರುವವರು ಇನ್ನೊಬ್ಬರು ಆದರೆ ತಕರಾರು ಬರುತ್ತದೆ. ಮೊದಲೇ ಬಿಲ್ಲಿನ ಹೆಸರು ಬದಲಾಯಿಸಿ.

ಟ್ರಸ್ಟಿನ ಪ್ಯಾನ್, ಖಾತೆ ಆದಮೇಲೆ ತೆರಿಗೆ ಪೋರ್ಟಲ್‌ನಲ್ಲಿ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ), 80ಜಿ ಎರಡಕ್ಕೂ ಅರ್ಜಿ. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರುಗಳು ಬದಲಾಗಿವೆ, ಬಾಯಲ್ಲಿ ಮಾತ್ರ ಹಳೆಯವೇ.) ಕೆಲಸ ಶುರುವಾಗುವ ಮುಂಚೆ ಹಾಕಿದರೆ 3 ವರ್ಷದ ತಾತ್ಕಾಲಿಕ ಮಂಜೂರಾತಿ. ಅದು ಮುಗಿಯುವ 6 ತಿಂಗಳ ಮುಂಚೆ ಅಥವಾ ಕೆಲಸ ಶುರುವಾದ 6 ತಿಂಗಳೊಳಗೆ, ಯಾವುದು ಮೊದಲೋ ಆಗ ರೆಗ್ಯುಲರ್ ಮಂಜೂರಾತಿಗೆ ಅರ್ಜಿ ಹಾಕಬೇಕು. 3 ವರ್ಷ ಇದೆಯಲ್ಲ ಎಂದು ಕೂತವರೇ ಸಿಕ್ಕಿಬೀಳುವುದು.

ಹೊರರಾಜ್ಯದ ದೇಣಿಗೆಯಲ್ಲಿ ದೊಡ್ಡ ತಲೆನೋವೆಂದರೆ ಕ್ಯೂಆರ್ ಕೋಡ್. ಹಣ ಬರುತ್ತದೆ, ಜೊತೆಗೆ ಬರುವುದು ಒಂದು ಹೆಸರಷ್ಟೇ. ಪ್ಯಾನ್ ಇಲ್ಲ, ವಿಳಾಸವಿಲ್ಲ. ವರ್ಷದ ದಾನಿಗಳ ಪಟ್ಟಿಯನ್ನು ಮೇ 31ರೊಳಗೆ ಪೋರ್ಟಲ್‌ಗೆ ಏರಿಸಿದರೆ ಮಾತ್ರ ದಾನಿಗೆ ಪ್ರಮಾಣಪತ್ರ ಸಿಗುತ್ತದೆ. ತಡವಾದರೆ ದಿನಕ್ಕೆ 200 ರೂಪಾಯಿ. ಹಾಗಾಗಿ ಮೊದಲು ಹೆಸರು, ವಿಳಾಸ, ಪ್ಯಾನ್ ತುಂಬುವ ಫಾರಂ, ಆಮೇಲೆ ಕೋಡ್. ನಗದಾಗಿ ಕೊಟ್ಟದ್ದು 2,000 ದಾಟಿದರೆ ರಿಯಾಯಿತಿಯಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ದಾನಿಗೂ ಇಲ್ಲ. ಇದನ್ನು ರಸೀದಿ ಕೊಡುವ ಮುಂಚೆಯೇ ಹೇಳಿಬಿಡಿ.

ತೋಟದ ಮನೆಗಳ ಮಕ್ಕಳು ವಿದೇಶದಲ್ಲಿರುವುದು ಇಲ್ಲಿ ಸಾಮಾನ್ಯ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ಪಡೆಯಬಹುದು. ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ದೇಣಿಗೆ: ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ, ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯ ಖಾತೆ ಇಲ್ಲದೆ ಒಂದು ರೂಪಾಯಿಯೂ ಮುಟ್ಟುವಂತಿಲ್ಲ. ಹಣ ಬರುವ ಮುಂಚೆ ಪಾಸ್‌ಪೋರ್ಟ್ ಪ್ರತಿ ಕೇಳಿ.