ಅಕ್ಕಿ ಹಿಟ್ಟಿನ ಮೇಲೆ ಲೆಫ್ಸೆ: ನನ್ನ ಅನುಭವ

ಈ ಮೇ 17ಕ್ಕೆ ನನ್ನ ಕೈಯಲ್ಲಿ 110 ಲೆಫ್ಸೆ ಆದವು. ಲೆಫ್ಸೆ ಅಂದರೆ ಆಲೂಗಡ್ಡೆಯಲ್ಲಿ ಮಾಡುವ ನಾರ್ವೆಯವರ ತೆಳು ರೊಟ್ಟಿ. ಹರಿದದ್ದು ಮೂರೋ ನಾಲ್ಕೋ. ಐದು ವರ್ಷದ ಹಿಂದೆ ಇದೇ ಅಡುಗೆಮನೆಯಲ್ಲಿ ಒಂದೂ ಇಡಿಯಾಗಿ ಹೆಂಚಿನವರೆಗೆ ಹೋಗಿರಲಿಲ್ಲ. ಅಕ್ಕಿ ಹಿಟ್ಟು ಉದುರಿಸಿ ಲಟ್ಟಿಸುತ್ತೇನೆ ಅಂದಾಗ ‘ಅದು ಲೆಫ್ಸೆಯೇ ಅಲ್ಲ’ ಅಂದವರು ಈ ಸಲ ಎರಡೆರಡು ತಿಂದರು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ನಾವಿರುವುದು ಸಿಯಾಟಲ್‌ನ ಬ್ಯಾಲಾರ್ಡ್‌ನಲ್ಲಿ. ಮೀನು ಹಿಡಿಯಲು, ಮರದ ಮಿಲ್ಲುಗಳಲ್ಲಿ ದುಡಿಯಲು ಬಂದ ನಾರ್ವೆಯವರು ಬೇರುಬಿಟ್ಟ ಪೇಟೆ ಇದು. ನನ್ನ ಗಂಡನ ಮುತ್ತಜ್ಜ ನಾರ್ವೆಯ ಹಾರ್ಡಂಗರ್ ಕಡೆಯವರು. 1814ರಲ್ಲಿ ಏಡ್ಸ್‌ವೊಲ್‌ನಲ್ಲಿ ನಾರ್ವೆಯ ಸಂವಿಧಾನಕ್ಕೆ ಸಹಿ ಬಿದ್ದ ದಿನ ಮೇ 17. ಆ ಸಂಜೆ ಇಲ್ಲಿ ಮೆರವಣಿಗೆ, ಮಕ್ಕಳ ಕೈಯಲ್ಲೆಲ್ಲ ಬಾವುಟ, ಎದುರು ಸಿಕ್ಕವರಿಗೆಲ್ಲ ‘ಗ್ರಾತುಲೇರರ್ ಮೆ ದಾಗೆನ್’, ಅಂದರೆ ಈ ದಿನದ ಶುಭಾಶಯ. ಗಂಡನ ಅಜ್ಜಿ ತೀರಿಕೊಂಡ ಮೇಲೆ ಅವರ ಕರೆಂಟ್ ಹೆಂಚು, ಗೀರುಗೀರಿನ ಲಟ್ಟಣಿಗೆ, ಮಗುಚುವ ಉದ್ದ ಪಟ್ಟಿ, ದುಂಡು ಹಲಗೆ ಎಲ್ಲ ನಮ್ಮ ನೆಲಮಾಳಿಗೆಗೆ ಬಂದವು. ಮಾಡುವವರು ಮಾತ್ರ ಯಾರೂ ಉಳಿದಿರಲಿಲ್ಲ. ಅತ್ತೆ ಅಂಗಡಿಯಿಂದ ಪ್ಯಾಕೆಟ್ ತರುತ್ತಿದ್ದರು. ಮಗಳಿಗೆ ಅವಳಪ್ಪನ ಕಡೆಯ ಹಬ್ಬ ಪ್ಯಾಕೆಟ್‌ನಲ್ಲಿ ಬರುವುದು ನನಗೆ ಸರಿಬರಲಿಲ್ಲ. ನಾನು ಹುಬ್ಬಳ್ಳಿಯವಳು. ಹೋಳಿಗೆ ಲಟ್ಟಿಸಿದ ಕೈಗೆ ಇದೇನು ದೊಡ್ಡದಲ್ಲ ಅಂದುಕೊಂಡೆ.

ಮೊದಲ ವರ್ಷ ಕೆಂಪು ಸಿಪ್ಪೆಯ ಆಲೂಗಡ್ಡೆ ತಂದದ್ದೇ ತಪ್ಪಾಯಿತು. ಅದರಲ್ಲಿ ನೀರು ಹೆಚ್ಚು, ಬೆಂದರೂ ಹಿಟ್ಟುಹಿಟ್ಟಾಗುವುದಿಲ್ಲ. ಕಂದು ಸಿಪ್ಪೆಯ, ಬೆಂದರೆ ಹಿಟ್ಟಾಗುವ ರಸೆಟ್ ಆಲೂಗಡ್ಡೆ ಬಿಟ್ಟು ಬೇರೆ ಮುಟ್ಟಬೇಡಿ. ಎರಡನೇ ವರ್ಷ ರಸೆಟ್ಟನ್ನೇ ತಂದೆ, ಆದರೆ ಹೋಳು ಮಾಡಿ ಬೇಯಿಸಿದೆ. ನೀರೆಲ್ಲ ಕುಡಿದುಬಿಟ್ಟಿತು. ಮೂರನೇ ವರ್ಷ ಕೆಲಸ ಹಗುರಾಗಲಿ ಅಂತ ಹಿಂದಿನ ರಾತ್ರಿಯೇ ಮೈದಾ ಕಲಸಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಗಂಜಿ! ಹತ್ತು ಕಿಲೋ ಆಲೂಗಡ್ಡೆ ಹಾಗೇ ತಿಪ್ಪೆಗೆ. ಅದರ ನಡುವೆ ಅಜ್ಜಿಯ ಹೆಂಚಿನ ಕಾಯಿಲ್ ಸುಟ್ಟು ಹೊಸದಕ್ಕೆ 150 ಡಾಲರ್ ತೆತ್ತೆ. ಬೆಣ್ಣೆ, ಕ್ರೀಮ್ ಎಲ್ಲ ಸೇರಿಸಿದರೆ ಮೂರು ವರ್ಷಕ್ಕೆ ನಾನೂರು ಡಾಲರ್ ಆದರೂ ಹೋಗಿರಬೇಕು. ಪ್ಯಾಕೆಟ್ಟಿಗೆ ಎಂಟೊಂಬತ್ತು ಡಾಲರ್ ಅಷ್ಟೇ ಅಲ್ಲವಾ ಅಂತ ಗಂಡ ಒಂದು ಸಲ ಅಂದ, ಮತ್ತೆ ಅನ್ನಲಿಲ್ಲ.

ನಾಲ್ಕನೇ ವರ್ಷ ಅವ್ವ ಆರು ತಿಂಗಳಿಗೆ ಬಂದಿದ್ದಳು. ನಾನು ನಾದುತ್ತಿದ್ದೆ, ಅವಳು ಕುರ್ಚಿ ಮೇಲೆ ಕೂತು ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಬಂದು ನನ್ನ ಕೈ ಹಿಡಿದಳು. ‘ಯಾಕ ಗೋಧಿ ಹಿಟ್ಟು ನಾದಿದಂಗ ನಾದಾಕತ್ತಿ? ಬಟಾಟಿ ಅದು, ನಾದಿದಷ್ಟೂ ಅಂಟಾಗತೈತಿ. ಕೂಡಿಸು, ಬಿಡು.’ ಮೈದಾ ಸರಿಸಿ, ಹೋಳಿಗೆಗೆ ಉದುರಿಸುವಂತೆ ಅಕ್ಕಿ ಹಿಟ್ಟು ಉದುರಿಸಿದಳು. ಅಜ್ಜಿಯ ಹಲಗೆಯ ಬಟ್ಟೆ ಜೂಲು ಬಿಟ್ಟಿತ್ತು. ರೊಟ್ಟಿ ಕಟ್ಟಿಕೊಂಡು ಬಂದಿದ್ದ ಅಪ್ಪನ ಹಳೇ ಧೋತರವನ್ನು ಒಗೆದು ಅದರ ಮೇಲೆ ಬಿಗಿದಳು. ಅವತ್ತು ಹನ್ನೆರಡು ಲಟ್ಟಿಸಿದೆವು, ಒಂಬತ್ತು ಇಡಿಯಾಗಿ ಎದ್ದವು.

ಈಗ ನಾನು ಮಾಡುವುದು ಹೀಗೆ. ಸಿಪ್ಪೆ ಸಮೇತ ಬೇಯಿಸಿ, ಬಿಸಿ ಇದ್ದಾಗಲೇ ಸುಲಿದು ಒತ್ತಿ, ಬಟ್ಟೆ ಮೇಲೆ ಹರವಿ ಫ್ಯಾನಿನ ಕೆಳಗೆ ಹಬೆ ಆರಿಸುತ್ತೇನೆ. ಕಿಲೋಗೆ 60 ಗ್ರಾಂ ಬೆಣ್ಣೆ, ನಾಲ್ಕು ಚಮಚ ಕ್ರೀಮ್, ಉಪ್ಪು, ಚೂರು ಸಕ್ಕರೆ. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ. ಯಾವುದರಲ್ಲಿಟ್ಟು ಹೇಗೆ ಮುಚ್ಚುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ, ಅದನ್ನು ಮಗಳಿಗಷ್ಟೇ ಹೇಳಿಕೊಟ್ಟಿದ್ದೇನೆ. ಬೆಳಿಗ್ಗೆ ಎಂಟು ಉಂಡೆಗಾಗುವಷ್ಟಕ್ಕೆ ಮಾತ್ರ ಮೈದಾ ಕೂಡಿಸಬೇಕು, ಉಳಿದದ್ದು ತಣ್ಣಗೆ ಒಳಗೇ ಇರಬೇಕು. ಮೈದಾ ಕಿಲೋಗೆ ಒಂದೂವರೆ ಕಪ್ಪಿಗಿಂತ ಹೆಚ್ಚು ಹಿಡಿಯಿತೆಂದರೆ ಆಲೂಗಡ್ಡೆ ಒದ್ದೆ ಇದೆ ಎಂದರ್ಥ. ಲಟ್ಟಿಸುವಾಗ ಧೋತರದ ಕೆಂಪು ದಡಿ ಹಾಳೆಯೊಳಗಿಂದ ಮಸುಕಾಗಿ ಕಾಣಬೇಕು, ಅಲ್ಲಿಯವರೆಗೆ ನಿಲ್ಲಿಸುವುದಿಲ್ಲ. ಮೈದಾ ಉದುರಿಸಿದರೆ ಹಸಿ ಹೀರಿ ಬಟ್ಟೆಗೆ ಹಿಡಿಯುತ್ತದೆ. ಅಕ್ಕಿ ಹಿಟ್ಟು ಅಷ್ಟು ಬೇಗ ಹೀರುವುದಿಲ್ಲ, ಹಾಳೆ ಜಾರುತ್ತದೆ. ಹೆಂಚು 500 ಡಿಗ್ರಿ ಫ್ಯಾರನ್‌ಹೀಟ್, ಎಣ್ಣೆ ಸೋಕಿಸಬಾರದು. ಪ್ರತಿ ಸಲವೂ ಉಳಿದ ಹಿಟ್ಟನ್ನು ಒಣಬಟ್ಟೆಯಿಂದ ಒರೆಸಿ, ಇಲ್ಲವಾದರೆ ಸೀದ ವಾಸನೆ. ಬೆಂಕಿ ಸಣ್ಣಗಿಟ್ಟರೆ ಹಪ್ಪಳ ಆಗುತ್ತದೆ.

ನಡುವೆ ಬೇರೆಯವನ್ನೂ ಮಾಡಿ ನೋಡಿದೆ. ಗೆಣಸಿನ ಲೆಫ್ಸೆಗೆ ರುಚಿಯಿಲ್ಲ. ಕಡಲೆ ಹೂರಣ ಸವರಿ ಸುರುಳಿ ಸುತ್ತಿದ್ದನ್ನು ಮಕ್ಕಳು ಇವತ್ತಿಗೂ ಕೇಳುತ್ತಾರೆ. ಬ್ರೂನೋಸ್ಟ್ ಅನ್ನುವ ಅವರ ಕಂದು ಚೀಸ್ ಹಾಲೊಡಕನ್ನು ಬತ್ತಿಸಿ ಮಾಡುವುದು. ನಿಂಬೆರಸ ಹಿಂಡಿ ಪನೀರ್ ಮಾಡಿದ ನೀರನ್ನು ಐದು ಗಂಟೆ ಕುದಿಸಿದೆ, ಬಂದದ್ದು ಬರೀ ಹುಳಿ. ಚೀಸಿಗೆ ಬಳಸುವ ರೆನೆಟ್ ಅನ್ನುವ ಕಿಣ್ವ ಹಾಕಿ ಒಡೆಸಿದ ಹಾಲಿನ ಒಡಕೇ ಬೇಕು. ಹದಿನೆಂಟು ಉಂಗುರ ಒಂದರ ಮೇಲೊಂದು ಪೇರಿಸುವ ಬಾದಾಮಿ ಕೇಕ್ ಕ್ರಾನ್ಸೆಕಾಕೆ ಹದಿನಾಲ್ಕರವರೆಗೆ ನೆಟ್ಟಗೆ ನಿಂತಿದೆ, ಮುಂದಿನ ವರ್ಷ ಪೂರ್ತಿ ಮಾಡುತ್ತೇನೆ.

ಅವರು ಹಬ್ಬಕ್ಕೆ ಉಡುವ ನಾರ್ವೆಯ ಸಾಂಪ್ರದಾಯಿಕ ಉಡುಪು ಬುನಾದ್, ಅದರ ವಿಷಯ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೊಸದಕ್ಕೆ ಸಾವಿರಗಟ್ಟಲೆ ಡಾಲರ್ ಅಂತ ಮಗಳಿಗೆ ಹಾರ್ಡಂಗರ್ ಬುನಾದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಆರುನೂರಕ್ಕೆ ತೆಗೆದುಕೊಂಡೆ. ನಮ್ಮ ಪರಕಾರಕ್ಕೆ ಟಕ್ ಹಾಕಿಸುತ್ತಿದ್ದೆವಲ್ಲ, ಹಾಗೆ ಬೆಳೆಯುವ ಮಕ್ಕಳಿಗೆಂದು ಒಳಗೆ ಬಟ್ಟೆ ಮಡಚಿಟ್ಟು ಹೊಲಿದಿರುತ್ತಾರೆ. ಚಿಕ್ಕದು ಮಾಡಲು ಕೊಟ್ಟ ದರ್ಜಿ ಆ ಮಡಿಕೆಯನ್ನೇ ಕತ್ತರಿಸಿ ಎಸೆದಿದ್ದ. ಎರಡೇ ವರ್ಷ ಉಟ್ಟಳು. ಕೊಡುವ ಮೊದಲು ಒಳಗಿನ ಬಟ್ಟೆ ಮುಟ್ಟಬಾರದು ಅಂತ ಚೀಟಿ ಬರೆದು ಪಿನ್ ಮಾಡಿ.

ಈ ಸಲ ಏಳು ಕಿಲೋ ಆಲೂಗಡ್ಡೆ, ಎರಡು ಬೆಳಗಿನ ಕೆಲಸ. ಮೆರವಣಿಗೆ ಮುಗಿಸಿ ಬಂದ ಅತ್ತೆ ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುತ್ತಿ ತಿಂದರು. ಇನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮರುದಿನ ಫೋನ್ ಬಂತು, ಅಕ್ಕಿ ಹಿಟ್ಟು ಎಲ್ಲಿ ಸಿಗುತ್ತೆ ಅಂತ. ಕ್ರಿಸ್‌ಮಸ್‌ಗೆ ಅವರ ಬಳಗದವರು ಮುನ್ನೂರು ಕೇಳಿದ್ದಾರೆ, ಅತ್ತೆಯೂ ಲಟ್ಟಿಸಲು ಕೂರುತ್ತಾರಂತೆ. ಅಪ್ಪನ ಹಳೇ ಧೋತರ ಇನ್ನೆರಡು ಕಳಿಸು ಅಂತ ಅವ್ವನಿಗೆ ಹೇಳಿದ್ದೇನೆ, ಒಂದು ಅತ್ತೆಯ ಹಲಗೆಗೆ.