ಆರು, ಏಳನೇ ತರಗತಿಯಲ್ಲಿ ನಾನು ಗ್ರೇಡ್ ಇಳಿಸಿದ್ದು ಹೀಗೆ

618ನ್ನು 6ರಿಂದ ಭಾಗಿಸಿ. ಆರನೇ ತರಗತಿ ಮುಗಿಸಿ ಏಳಕ್ಕೆ ಬಂದ ಮಕ್ಕಳಿಗೆ ಜೂನ್ ತಿಂಗಳಲ್ಲಿ ನಾನು ಕೊಡುವ ಮೊದಲ ಲೆಕ್ಕ ಇದು. ಹೆಚ್ಚುಕಮ್ಮಿ ಅರ್ಧ ತರಗತಿ 13 ಅಂತ ಬರೆಯುತ್ತದೆ. ಆರರಲ್ಲಿ ಆರು ಒಂದು ಸಲ ಹೋಯಿತು. ಒಂದನ್ನು ಇಳಿಸಿದರು, ಒಂದರಲ್ಲಿ ಆರು ಹೋಗಲ್ಲ. ಎಂಟನ್ನೂ ಇಳಿಸಿದರು, ಹದಿನೆಂಟರಲ್ಲಿ ಆರು ಮೂರು ಸಲ. ಮುಗೀತು. ಮಧ್ಯದಲ್ಲಿ ಬರಬೇಕಾದ ಸೊನ್ನೆ ಯಾರಿಗೂ ನೆನಪಿಲ್ಲ. "618 ರೂಪಾಯಿ ಆರು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಬರೀ 13 ರೂಪಾಯಿನಾ?" ಅಂತ ಕೇಳಿದರೆ ಮಕ್ಕಳೇ ನಗುತ್ತಾರೆ. ಆದರೆ ಇದೇ ಮಕ್ಕಳ ಹಿಂದಿನ ವರ್ಷದ ಪ್ರಗತಿ ಪತ್ರ ತೆಗೆದು ನೋಡಿ. ಗಣಿತದಲ್ಲಿ ಸಾಲಾಗಿ ಎ, ಎ ಪ್ಲಸ್.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತೇನೆ. ಈ ಉಬ್ಬಿದ ಗ್ರೇಡ್‌ಗಳನ್ನು ನನ್ನ ತರಗತಿಯ ಮಟ್ಟಿಗಾದರೂ ನೆಲಕ್ಕೆ ಇಳಿಸಲು ಏನೇನು ಮಾಡಿದೆ, ಯಾವುದು ಕೆಲಸ ಮಾಡಿತು, ಯಾರಿಗೆ ಬೇಜಾರಾಯಿತು ಅನ್ನೋದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಸ್ಟಾಫ್ ರೂಮಿನಲ್ಲಿ ಈ ಮಾತು ಬಂದ ಕೂಡಲೇ ಎಲ್ಲರೂ ಬೆರಳು ತೋರಿಸುವುದು ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಕಡೆಗೆ. "ಫೇಲ್ ಮಾಡೋ ಹಾಗಿಲ್ಲ, ಇನ್ನೇನು ಮಾಡೋದು?" ಅಂತ. 2009ರ ಆ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಎಂಟನೇ ತರಗತಿವರೆಗೆ ಮಗುವನ್ನು ಅದೇ ತರಗತಿಯಲ್ಲಿ ಉಳಿಸಬಾರದು ಅಂತ ಅದರಲ್ಲಿ ಇದ್ದದ್ದು ನಿಜ. 2019ರಲ್ಲಿ ತಿದ್ದುಪಡಿಯಾಗಿ, ಐದು ಮತ್ತು ಎಂಟನೇ ತರಗತಿಯಲ್ಲಿ ಏನು ಮಾಡಬೇಕು ಅನ್ನೋದು ರಾಜ್ಯಗಳಿಗೆ ಬಿಟ್ಟ ವಿಷಯವಾಯಿತು. ಆದರೆ ಆ ಕಾಯ್ದೆಯಲ್ಲಿ ಎಲ್ಲರಿಗೂ ಎ ಕೊಡಿ ಅಂತ ಎಲ್ಲಿದೆ? ಮಗುವಿಗೆ ಎಷ್ಟು ಅರ್ಥವಾಗಿದೆ, ಅರ್ಥವಾದದ್ದನ್ನು ಬಳಸಲು ಬರುತ್ತದೆಯಾ ಅಂತ ನಿರಂತರವಾಗಿ ನೋಡಿ ಅಂತಲೇ ಇದೆ. ಮುಂದಿನ ತರಗತಿಗೆ ಕಳಿಸುವುದು ಬೇರೆ, ಬಂದಿಲ್ಲದ್ದನ್ನು ಬಂದಿದೆ ಅಂತ ಬರೆದುಕೊಡುವುದು ಬೇರೆ. ಎರಡನೆಯದು ನಮ್ಮದೇ ಕೈಕೆಲಸ.

ನಮ್ಮಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ (ಕಲಿಕೆಯ ನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಗೆ ಮಾಡುವ ಸಂಕಲನಾತ್ಮಕ ಮೌಲ್ಯಮಾಪನ). ಗ್ರೇಡ್ ಪಟ್ಟಿ ಶಿಕ್ಷಕರಿಗೆಲ್ಲ ಬಾಯಿಪಾಠ: 90ರ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕಿಂತ ಕೆಳಗೆ ಸಿ. ಅಂಕ ಉಬ್ಬುವುದು ಹೆಚ್ಚಾಗಿ ಎಫ್‌ಎಯಲ್ಲಿ. ಚಟುವಟಿಕೆಗೆ ಅಂಕ, ಪ್ರಾಜೆಕ್ಟ್‌ಗೆ ಅಂಕ, ಕೃತಿಸಂಪುಟಕ್ಕೆ (ಮಗುವಿನ ಕೆಲಸಗಳನ್ನು ಕೂಡಿಸಿಟ್ಟ ಫೈಲಿಗೆ) ಅಂಕ. ಅಣ್ಣ ಬರೆದುಕೊಟ್ಟ ಚಾರ್ಟ್‌ಗೂ ಅಂಕ, ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಅಂಟಿಸಿದ ಚಿತ್ರಕ್ಕೂ ಅಂಕ. ನೋಟ್ಸ್ ದುಂಡಗೆ ಬರೆದರೆ ಅದಕ್ಕೊಂದಿಷ್ಟು. ಇದೆಲ್ಲ ಸೇರಿದಾಗ, ಬರವಣಿಗೆಯ ಪರೀಕ್ಷೆಯಲ್ಲಿ ಮುಗ್ಗರಿಸಿದ ಮಗುವೂ 70 ದಾಟುತ್ತದೆ.

ಇನ್ನೊಂದು ಕಾರಣವಿದೆ, ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಸಿ ಕೊಟ್ಟರೆ ಕೆಲಸ ಜಾಸ್ತಿ. ಆ ಮಗುವಿಗೆ ಪರಿಹಾರ ಬೋಧನೆಯ ಯೋಜನೆ ಬರೆಯಬೇಕು, ದಾಖಲೆ ಇಡಬೇಕು, ಸಿಆರ್‌ಪಿ (ಸುತ್ತಲಿನ ಶಾಲೆಗಳಿಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ತೋರಿಸಬೇಕು, "ಯಾಕೆ ಇಷ್ಟು ಸಿ?" ಅನ್ನೋ ಪ್ರಶ್ನೆಗೆ ಉತ್ತರ ಕೊಡಬೇಕು. ಬಿ ಪ್ಲಸ್ ಕೊಟ್ಟರೆ ಯಾರೂ ಏನೂ ಕೇಳಲ್ಲ. ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ನಡುವೆ ಎಸ್‌ಎಟಿಎಸ್ (ಮಕ್ಕಳ ವಿವರ, ಗ್ರೇಡ್ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಜೊತೆಗೆ ಗಣತಿ ಕೆಲಸ. ಇವುಗಳ ಮಧ್ಯೆ ಯಾರಾದರೂ ಯಾವ ದಾರಿ ಹಿಡಿಯುತ್ತಾರೆ ಅಂತ ನೀವೇ ಊಹಿಸಿ.

ನಾನು ಮೊದಲು ಮುಟ್ಟಿದ್ದು ಪ್ರಾಜೆಕ್ಟ್ ಅಂಕವನ್ನು. ಪ್ರಾಜೆಕ್ಟ್ ನಿಲ್ಲಿಸಲಿಲ್ಲ, ಮಕ್ಕಳಿಗೆ ಅದು ಇಷ್ಟ. ಆದರೆ ಚಾರ್ಟ್ ತಂದಿದ್ದಕ್ಕೆ ಅಂಕವಿಲ್ಲ, ಚಾರ್ಟ್ ಬಗ್ಗೆ ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಅಂಕ ಅಂತ ಮಾಡಿದೆ. ಒಬ್ಬೊಬ್ಬರಿಗೂ ಎರಡು ಪ್ರಶ್ನೆ. ಸ್ತಂಭಾಲೇಖ ಬಿಡಿಸಿ ತಂದ ಹುಡುಗನಿಗೆ "ಈ ಕಂಬ ಆ ಕಂಬಕ್ಕಿಂತ ಎಷ್ಟು ಜಾಸ್ತಿ? ಅಕ್ಷದ ಮೇಲೆ ಒಂದು ಮನೆ ಅಂದರೆ ಎಷ್ಟು?" ಅಂತ ಕೇಳಿದೆ. ಚಾರ್ಟ್ ಚೆಂದ ಇತ್ತು, ಅವನಿಗೆ ಗೊತ್ತಿರಲಿಲ್ಲ. ಅವನ ಪಕ್ಕದವನ ಚಾರ್ಟ್‌ನಲ್ಲಿ ಸ್ಕೇಲ್ ಇಟ್ಟ ಗುರುತೇ ಇಲ್ಲ, ಗೆರೆ ಸೊಟ್ಟ. ಆದರೆ ಕೇಳಿದ್ದಕ್ಕೆಲ್ಲ ಪಟಪಟ ಹೇಳಿದ. ಹಳೆಯ ಲೆಕ್ಕದಲ್ಲಿ ಯಾರಿಗೆ ಜಾಸ್ತಿ ಬರುತ್ತಿತ್ತು ಅಂತ ಹೇಳಬೇಕಾಗಿಲ್ಲ ಅಲ್ವಾ? ಇದಕ್ಕೆ ಸಮಯ ಹಿಡಿಯುತ್ತದೆ, ನಿಜ. ಒಂದೇ ದಿನ ಮುಗಿಸುವ ಹಟ ಬಿಟ್ಟು, ಉಳಿದವರು ಅಭ್ಯಾಸದ ಲೆಕ್ಕ ಮಾಡುವಾಗ ನಾಲ್ಕೈದು ಮಕ್ಕಳನ್ನು ಮೇಜಿನ ಹತ್ತಿರ ಕರೆದರೆ ಸಾಕು.

ನಂತರ ಪ್ರಶ್ನೆಪತ್ರಿಕೆ. ನೀಲನಕ್ಷೆಯ (ಯಾವ ಬಗೆಯ ಪ್ರಶ್ನೆಗೆ ಎಷ್ಟು ಅಂಕ ಅನ್ನೋ ಪಟ್ಟಿಯ) ಪ್ರಕಾರವೇ ಮಾಡುತ್ತೇನೆ, ಅದನ್ನು ಮೀರುವ ಹಾಗಿಲ್ಲ. ಆದರೆ ನೀಲನಕ್ಷೆಯೊಳಗೆ ನಮಗೆ ಸಾಕಷ್ಟು ಜಾಗವಿದೆ. 20 ಅಂಕದ ಪತ್ರಿಕೆಯಾದರೆ 8 ಅಂಕಕ್ಕೆ ಪಠ್ಯಪುಸ್ತಕದ್ದೇ ಲೆಕ್ಕ ಇಡುತ್ತೇನೆ. 8 ಅಂಕಕ್ಕೆ ಅದೇ ಬಗೆಯದು, ಸಂಖ್ಯೆ ಬೇರೆ. ಉಳಿದ 4 ಅಂಕಕ್ಕೆ ಮಕ್ಕಳು ಮುಂಚೆ ನೋಡಿರದ ಪ್ರಶ್ನೆ. ಪೂರ್ತಿ ಪುಸ್ತಕದ್ದೇ ಕೊಟ್ಟರೆ ಅಳೆಯುವುದು ಬಾಯಿಪಾಠವನ್ನು. ಪೂರ್ತಿ ಹೊಸದೇ ಕೊಟ್ಟರೆ ದಿನವೂ ಶ್ರದ್ಧೆಯಿಂದ ಓದಿದ ಮಗುವಿಗೆ ಅನ್ಯಾಯ.

ಆ ಹೊಸ ಪ್ರಶ್ನೆ ಅಂದರೆ ದೊಡ್ಡ ಬ್ರಹ್ಮವಿದ್ಯೆ ಏನಲ್ಲ. ಆಯತದ ಉದ್ದ, ಅಗಲ ಕೊಟ್ಟು ಸುತ್ತಳತೆ ಕೇಳುವುದು ಪುಸ್ತಕದ ರೀತಿ. ನಾನು ತಿರುಗಿಸಿ ಕೇಳಿದೆ: ಸುತ್ತಳತೆ 30 ಸೆಂ.ಮೀ., ಉದ್ದ 9 ಸೆಂ.ಮೀ., ಅಗಲ ಎಷ್ಟು? ಬಹಳಷ್ಟು ಮಕ್ಕಳು ಕಣ್ಣಿಗೆ ಬಿದ್ದ ಎರಡು ಸಂಖ್ಯೆಗಳನ್ನು ಎತ್ತಿ ಸೂತ್ರಕ್ಕೆ ಹಾಕಿದರು. 2 × (30 + 9) = 78. ಅಗಲ 78 ಸೆಂ.ಮೀ. ಸುತ್ತ ಅಳೆದರೇ 30 ಇರುವ ಆಯತಕ್ಕೆ!

ಇಲ್ಲಿ ಮೌಲ್ಯಮಾಪನದ ಮಾತು ಬರುತ್ತದೆ. ಸೂತ್ರ ಬರೆದಿದ್ದಾನೆ, ಒಂದು ಅಂಕ. ಕೂಡಿ ಗುಣಿಸಿದ್ದು ಸರಿ ಇದೆ, ಇನ್ನೊಂದು ಅಂಕ. ಹೀಗೆ ಕೊಡುತ್ತಾ ಹೋದರೆ 78 ಅಂತ ಬರೆದ ಮಗುವಿಗೂ ಮೂರರಲ್ಲಿ ಎರಡು ಸಿಗುತ್ತದೆ. ಹಂತಕ್ಕೆ ಅಂಕ ಕೊಡುವುದು ಒಳ್ಳೆಯ ಪದ್ಧತಿ, ನಾನೂ ಕೊಡುತ್ತೇನೆ. ಆದರೆ ಯಾವುದು ಹಂತ ಅನ್ನೋದನ್ನು ಪತ್ರಿಕೆ ತಯಾರಿಸುವಾಗಲೇ ಬರೆದಿಟ್ಟುಕೊಳ್ಳಬೇಕು. ಈ ಲೆಕ್ಕದಲ್ಲಿ ಮೊದಲ ಅಂಕ, 30 ಅನ್ನೋದು ಸುತ್ತಳತೆ ಅಂತ ಗುರುತಿಸಿ ಸರಿಯಾದ ಜಾಗದಲ್ಲಿ ಇಟ್ಟಿದ್ದಕ್ಕೆ. ಬರೀ ಸೂತ್ರಕ್ಕೆ ಸೊನ್ನೆ. ಪೇಪರ್ ಕೈಯಲ್ಲಿ ಹಿಡಿದ ಮೇಲೆ ಇದನ್ನು ನಿರ್ಧರಿಸಲು ಹೊರಟರೆ ಮಗುವಿನ ಮುಖ ನೆನಪಾಗುತ್ತದೆ, ಕೈ ತಾನೇ ಸಡಿಲವಾಗುತ್ತದೆ. ಅದಕ್ಕೆ ಪಕ್ಕದ ಶಾಲೆಯ ಗಣಿತ ಶಿಕ್ಷಕಿಯೊಬ್ಬರ ಜೊತೆ ಒಂದು ಒಪ್ಪಂದ ಮಾಡಿಕೊಂಡೆ. ಎಸ್‌ಎ ಪೇಪರ್‌ಗಳಲ್ಲಿ ಒಂದಷ್ಟನ್ನು ಹೆಸರು ಮುಚ್ಚಿ ಅದಲು ಬದಲು ಮಾಡಿ ತಿದ್ದುತ್ತೇವೆ. ಹತ್ತಕ್ಕೆ ನಾನು ಏಳು ಹಾಕಿದ್ದಕ್ಕೆ ಅವರು ಐದು ಹಾಕಿದರೆ ಕೂತು ಮಾತಾಡುತ್ತೇವೆ. ಈ ಮಾತುಕತೆಯಷ್ಟು ಉಪಯೋಗದ ತರಬೇತಿ ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ಚಹಾ, ಬಿಸ್ಕತ್ತು ಮಾತ್ರ ನಮ್ಮ ಖರ್ಚು.

ಇಷ್ಟು ಮಾಡಿದ ಮೇಲೆ ಅಂಕ ಬಿತ್ತು. ಬೀಳಲೇಬೇಕಿತ್ತು. ಆದರೆ ಬಿಗಿ ಮಾಡುವುದು ಅಂದರೆ ಕಮ್ಮಿ ಅಂಕ ಹಾಕಿ ಕೈತೊಳೆದುಕೊಳ್ಳುವುದು ಅಲ್ಲ. ಹಾಗೆ ಮಾಡಿದರೆ ಮಗುವಿಗೆ ಸಿಗುವುದು ಬರೀ ಅವಮಾನ. ಅದಕ್ಕೆ ಮರುಪರೀಕ್ಷೆ ಇಟ್ಟೆ. ಯಾವ ಕಿರು ಪರೀಕ್ಷೆಯನ್ನಾದರೂ ಮತ್ತೆ ಬರೆಯಬಹುದು. ಒಂದೇ ಷರತ್ತು: ಮೊದಲ ಸಲದ ತಪ್ಪು ಯಾಕೆ ತಪ್ಪು ಅಂತ ನನ್ನ ಮುಂದೆ ನಿಂತು ಹೇಳಬೇಕು. ಪ್ರಶ್ನೆ ಬೇರೆ ಇರುತ್ತದೆ, ಎರಡನೇ ಸಲದ ಅಂಕವೇ ಅಂಕವಹಿಗೆ ಹೋಗುತ್ತದೆ.

ಇದರ ಫಲ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ಆರನೇ ತರಗತಿಯ ಒಬ್ಬ ಹುಡುಗಿ ಭಿನ್ನರಾಶಿಯಲ್ಲಿ 1/2 + 1/3 = 2/5 ಅಂತ ಬರೆದಿದ್ದಳು. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿಬಿಡುವ ಹಳೇ ಕಾಯಿಲೆ. ಲ.ಸಾ.ಅ. ತೆಗೆದು ಮಾಡುವುದನ್ನು ಹೇಳಿಕೊಟ್ಟರೆ ಮಾಡುತ್ತಾಳೆ, ವಾರ ಕಳೆದರೆ ಮತ್ತೆ 2/5. ಮರುಪರೀಕ್ಷೆಗೆ ಬಂದಾಗ ಕೇಳಿದೆ: "ಲೆಕ್ಕ ಮಾಡಬೇಡ. ಸುಮ್ನೆ ನೋಡಿಯೇ ಇದು ತಪ್ಪು ಅಂತ ಹೇಳೋಕಾಗುತ್ತಾ?" ತುಂಬಾ ಹೊತ್ತು ನಿಂತಳು. ಕಾಗದದ ಪಟ್ಟಿ ಮಡಚಿ ಐದು ಭಾಗ ಮಾಡಲು ನೋಡಿದಳು, ಸರಿಹೋಗಲಿಲ್ಲ, ಗೆರೆ ಎಳೆದಳು. ಆಮೇಲೆ, "ಮಿಸ್, ಐದರಲ್ಲಿ ಎರಡು ಅಂದ್ರೆ ಅರ್ಧಕ್ಕಿಂತ ಕಮ್ಮಿ. ಅರ್ಧಕ್ಕೆ ಇನ್ನೊಂಚೂರು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಹೆಂಗಾಗುತ್ತೆ?" ಅಂದಳು. ಆ ತಪ್ಪನ್ನು ಅವಳು ಮತ್ತೆ ಮಾಡಲಿಲ್ಲ. ಮೊದಲ ಸಲವೇ ದಯೆ ತೋರಿಸಿ ಅರ್ಧ ಅಂಕ ಹಾಕಿದ್ದರೆ ಅವಳು ಮೇಜಿನ ಹತ್ತಿರ ಬರುತ್ತಲೇ ಇರಲಿಲ್ಲ.

ಒಂದು ಕಡೆ ಎಚ್ಚರ ಬೇಕಾಯಿತು. ವಾಕ್ಯದಲ್ಲಿ ಕೊಡುವ ಲೆಕ್ಕಗಳಲ್ಲಿ ಕೆಲವು ಮಕ್ಕಳು ಸೋಲುವುದು ಗಣಿತದಲ್ಲಿ ಅಲ್ಲ, ಓದುವುದರಲ್ಲಿ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿದ್ದಾರೆ, ಅಕ್ಷರ ಕೂಡಿಸಿ ಓದುವಷ್ಟರಲ್ಲೇ ಸುಸ್ತಾಗುವವರಿದ್ದಾರೆ. ಅಂಥವರಿಗೆ ಪ್ರಶ್ನೆಯನ್ನು ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ. ಆಗ ಮಾಡಿದರೆ ಗಣಿತದ ಅಂಕ ಪೂರ್ತಿ, ಓದುವ ತೊಂದರೆಯನ್ನು ಬೇರೆಯಾಗಿ ಬರೆದಿಡುತ್ತೇನೆ. ಇದನ್ನು ಕೆಲವರು ರಿಯಾಯಿತಿ ಅನ್ನುತ್ತಾರೆ. ನನ್ನ ಪ್ರಕಾರ ಅಲ್ಲ. ಅಳೆಯಬೇಕಾದ್ದು ಯಾವುದೋ ಅದನ್ನೇ ಅಳೆದೆ, ಅಷ್ಟೇ.

ಈಗ ಬೇಜಾರಾದವರ ಕಥೆ. ಪೋಷಕರ ಸಭೆಯಲ್ಲಿ ಒಬ್ಬರು ತಾಯಿ, "ಏನ್ ಮೇಡಂ, ಹೋದ ವರ್ಷ ಎ ಪ್ಲಸ್ ಇತ್ತು. ಈಗ ಬಿ ಪ್ಲಸ್ ಅಂತೀರಿ. ನಮ್ಮ ಹುಡುಗಿ ದಡ್ಡಿ ಆಗಿಬಿಟ್ಲಾ?" ಅಂತ ಎಲ್ಲರ ಮುಂದೆ ಕೇಳಿದರು. ಇಂಥ ಹೊತ್ತಿಗೆ ಮಾತಿಗಿಂತ ಪೇಪರ್ ಒಳ್ಳೆಯದು. ಜೂನ್‌ನಲ್ಲಿ ಬರೆದ ಪೇಪರ್, ಈಗಿನ ಪೇಪರ್ ಎರಡನ್ನೂ ಎದುರಿಗಿಟ್ಟೆ. ಅವರು ತರಕಾರಿ ವ್ಯಾಪಾರ ಮಾಡುವವರು, ಲೆಕ್ಕ ಬೆರಳ ತುದಿಯಲ್ಲಿ. 618ಕ್ಕೆ 13 ಅಂತ ಬರೆದದ್ದು ನೋಡಿ ಮಗಳ ಕಡೆ ತಿರುಗಿ, "ಇದಕ್ಕೇನೇ ಎ ಪ್ಲಸ್ ಕೊಟ್ಟಿದ್ದು?" ಅಂದರು. ಮುಂದೆ ಅವರಿಂದ ದೂರು ಬರಲಿಲ್ಲ. ಎಲ್ಲರೂ ಹಾಗಲ್ಲ. ಮಗುವಿನ ಟಿಸಿ ತೆಗೆದುಕೊಂಡು ಖಾಸಗಿ ಶಾಲೆಗೆ ಸೇರಿಸುತ್ತೇವೆ ಅಂದವರೂ ಇದ್ದಾರೆ. ದಾಖಲಾತಿ ಕಮ್ಮಿಯಾದರೆ ಹುದ್ದೆಗೇ ಕುತ್ತು, ಹಾಗಾಗಿ ನಮ್ಮ ಮುಖ್ಯ ಶಿಕ್ಷಕರ ಭಯ ನನಗೆ ಅರ್ಥವಾಗುತ್ತದೆ. ಅವರು ಕೇಳಿದ್ದು ಒಂದೇ, "ಮೇಡಂ, ಬೇರೆ ವಿಷಯಗಳಲ್ಲೆಲ್ಲ ಎ ಇದೆ, ನಿಮ್ಮದರಲ್ಲಿ ಮಾತ್ರ ಬಿ. ಮೇಲಿನವರು ಕೇಳಿದರೆ?" ಕೇಳಿದರೆ ಪೇಪರ್ ತೋರಿಸೋಣ ಸರ್ ಅಂದೆ. ಒಪ್ಪಿಕೊಂಡರು ಅನ್ನುವುದಕ್ಕಿಂತ, ಬೇಡ ಅನ್ನಲಿಲ್ಲ.

ಅವರಿಗೆ ನಾನು ಹೇಳಿದ ಇನ್ನೊಂದು ಮಾತು ಎಸ್ಎಸ್ಎಲ್‌ಸಿ ಬಗ್ಗೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ಶೇ 73.40ಕ್ಕೆ ಬಂತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಸತ್ಯ ಹೊರಗೆ ಬರುವುದಿದ್ದರೆ ಹತ್ತನೇ ತರಗತಿಯಲ್ಲಿ, ಕ್ಯಾಮೆರಾ ಮುಂದೆ ಬರುವುದಕ್ಕಿಂತ ಆರನೇ ತರಗತಿಯಲ್ಲಿ ಬರಲಿ. ಆಗಿನ್ನೂ ಸರಿಪಡಿಸಲು ನಾಲ್ಕು ವರ್ಷ ಕೈಯಲ್ಲಿರುತ್ತದೆ.

ನನ್ನ ಹತ್ತಿರ ಈಗ ಅಂಕವಹಿಯ ಜೊತೆಗೆ ಇನ್ನೊಂದು ನೋಟ್‌ಬುಕ್ ಇದೆ. ಒಂದು ಮಗುವಿಗೆ ಒಂದು ಪುಟ. ಅದರಲ್ಲಿ ಅಂಕವೇ ಇಲ್ಲ. ಸೊನ್ನೆ ಬರುವ ಭಾಗಾಕಾರ, ಭಿನ್ನರಾಶಿ ಕೂಡುವುದು, ದಶಮಾಂಶ ಹೋಲಿಕೆ (0.35 ದೊಡ್ಡದೋ 0.4 ದೊಡ್ಡದೋ ಅಂದರೆ 35 ನೋಡಿ ಮೋಸ ಹೋಗುವವರೇ ಜಾಸ್ತಿ), ಋಣ ಸಂಖ್ಯೆ ಅಂತ ಸಾಲು ಸಾಲು. ಬಂದರೆ ತಾರೀಖು ಹಾಕುತ್ತೇನೆ, ಬಾರದಿದ್ದರೆ ಖಾಲಿ ಬಿಡುತ್ತೇನೆ. ಎಸ್‌ಎಟಿಎಸ್‌ಗೆ ಹೋಗುವ ಗ್ರೇಡ್‌ಗಿಂತ ನನಗೆ ಈ ಪುಟವೇ ಹೆಚ್ಚು ಉಪಯೋಗ.

ಏಳು ಮುಗಿಸಿ ಹೈಸ್ಕೂಲಿಗೆ ಹೋಗುವ ಮಕ್ಕಳ ಪುಟಗಳನ್ನು ಜೆರಾಕ್ಸ್ ಮಾಡಿಸಿ ಅಲ್ಲಿನ ಗಣಿತ ಮೇಷ್ಟ್ರಿಗೆ ಕಳಿಸುತ್ತೇನೆ. ಮೊದಲ ಸಲ ಅವರು ಅದನ್ನು ಟಿಸಿ ಜೊತೆ ಫೈಲಿಗೆ ಹಾಕಿ ಮರೆತರು. ಈಗ ಶಾಲೆ ಶುರುವಾಗುವ ಮುಂಚೆಯೇ ಫೋನ್ ಮಾಡಿ, "ಮೇಡಂ, ಈ ಸಲದ ಖಾಲಿ ಸಾಲುಗಳು ಯಾವುವು?" ಅಂತ ಕೇಳುತ್ತಾರೆ. ಈ ವರ್ಷ ಪಟ್ಟಿಯಲ್ಲಿ ಋಣ ಸಂಖ್ಯೆಗಳ ಗುಣಾಕಾರ ಜಾಸ್ತಿ ಇತ್ತು. ಎಂಟನೇ ತರಗತಿಯ ಬೀಜಗಣಿತ ಮುಟ್ಟುವ ಮುಂಚೆ ಅದಕ್ಕೇ ಎರಡು ವಾರ ಇಡುತ್ತೇನೆ ಅಂದಿದ್ದಾರೆ.