ಮೊದಲು ಹಿಡಿ ನೋಡಿ, ಆಮೇಲೆ ಪಾತ್ರೆ

ಗೋಡೆಗೆ ಹೊಡೆದ ಕಪಾಟಿನ ಆಳ ಸಾಮಾನ್ಯವಾಗಿ ಒಂದಡಿ, ಅಂದರೆ 30 ಸೆಂ.ಮೀ. ಬಾಣಲೆ 24 ಸೆಂ.ಮೀ., ಅದರ ಹಿಡಿ 18 ಎಂದಿಟ್ಟುಕೊಳ್ಳಿ, ಒಟ್ಟು 42. ಬಾಗಿಲು ಹಾಕಲು ಬರುವುದಿಲ್ಲ, ಓರೆಯಾಗಿ ತುರುಕಿದರೆ ಪಕ್ಕದ ಎರಡು ಪಾತ್ರೆಯ ಜಾಗ ಹೋಗುತ್ತದೆ. ಅದೇ ಹಿಡಿ ಕಳಚುವಂತಿದ್ದರೆ 24ರೊಳಗೆ 20, 20ರೊಳಗೆ 16 ಕೂತು ಮೂರೂ ಸೇರಿ ಒಂದು ಗೇಣು ಎತ್ತರವೂ ಆಗುವುದಿಲ್ಲ. ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಇದು ಸಣ್ಣ ಲಾಭವಲ್ಲ.

ನಮಗೆ ಇದೇನೂ ಹೊಸತಲ್ಲ. ಬೋಗುಣಿ, ತಪ್ಪಲೆಗಳಿಗೆ ಹಿಡಿಯೇ ಇರುತ್ತಿರಲಿಲ್ಲ, ಮನೆಗೆಲ್ಲ ಒಂದೇ ಇಕ್ಕಳ. ಟೆಫಾಲ್‌ ಕಂಪನಿಯ ಇಂಜೀನಿಯೊ ಥರದ, ಹಿಡಿ ಕಳಚುವ ಪಾತ್ರೆ ಸೆಟ್‌ಗಳು ಆ ಇಕ್ಕಳಕ್ಕೆ ಸ್ಪ್ರಿಂಗು, ಗುಂಡಿ ಸೇರಿಸಿದಂತೆ. ಹಿಡಿಯ ತುದಿಯಲ್ಲಿ ಎರಡು ದವಡೆ: ಒಂದು ಪಾತ್ರೆಯ ಹೊರಮೈಗೆ ಆನುತ್ತದೆ, ಇನ್ನೊಂದು ಅಂಚಿನ ಒಳಗಿಳಿದು ಎಳೆದು ಕಚ್ಚಿಕೊಳ್ಳುತ್ತದೆ. ಹಾಗಾಗಿ ಹಣ ಕೊಡುವ ಮೊದಲು ಪಾತ್ರೆಯ ಹೊಳಪಿಗಿಂತ ಈ ದವಡೆಯನ್ನು ನೋಡಿ. ಬಿಡಿಸಲು ಎರಡು ಪಕ್ಕದ ಗುಂಡಿಗಳನ್ನು ಒಟ್ಟಿಗೆ ಒತ್ತಬೇಕಾದ ಹಿಡಿ ಒಳ್ಳೆಯದು. ಹೆಬ್ಬೆರಳು ತಾನಾಗಿ ಕೂರುವ ಜಾಗದಲ್ಲೇ ಒಂಟಿ ಗುಂಡಿ ಇದ್ದರೆ ಬೇಡ, ಸಾರು ಬಗ್ಗಿಸುವಾಗ ಬೆರಳು ಒತ್ತಿಬಿಟ್ಟರೆ ಮುಗಿಯಿತು.

ಮನೆಗೆ ತಂದ ದಿನ ಒಲೆಗಿಡುವ ಮೊದಲು ಒಂದು ಪರೀಕ್ಷೆ ಮಾಡಿ. 20 ಸೆಂ.ಮೀ. ಪಾತ್ರೆಗೆ ಮುಕ್ಕಾಲು ಭಾಗ ತಣ್ಣೀರು ತುಂಬಿ. ಅದು ಸುಮಾರು ಎರಡು ಲೀಟರು, ಎರಡು ಕೆ.ಜಿ. ಭಾರ. ಹಿಡಿ ಸಿಕ್ಕಿಸಿ, ಸಿಂಕಿನ ಒಳಗೇ ಎರಡು ಇಂಚು ಎತ್ತಿ, ನಿಧಾನವಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ. ದವಡೆಗೂ ಪಾತ್ರೆಗೂ ನಡುವೆ ಕೂದಲೆಳೆಯಷ್ಟು ಸಂದು ಕಂಡರೂ, ಪಾತ್ರೆ ತಿರುಗಿದರೂ ವಾಪಸು ಕೊಡಿ. ಬಿಸಿಯಾದ ಮೇಲೆ ಅದು ಸರಿಹೋಗುವುದಿಲ್ಲ.

ಹಿಡಿ ಜಾರಲು ಮುಖ್ಯ ಕಾರಣ ಜಿಡ್ಡು. ಬಜ್ಜಿ ಕರಿದಾಗ ಸಿಡಿದ ಎಣ್ಣೆ ಅಂಚಿನ ಮೇಲೆ ಕೂತು, ಅಲ್ಲಿಂದ ದವಡೆಯ ಒಳಗೆ ಸೇರಿ ಅಂಟಾಗುತ್ತದೆ. ಕಚ್ಚಿದಂತೆ ಕಾಣುತ್ತದೆ, ಆದರೆ ಪೂರ್ತಿ ಕಚ್ಚಿರುವುದಿಲ್ಲ. ವಾರಕ್ಕೊಮ್ಮೆ ದವಡೆ ತೆರೆದು, ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಾಕಿ ಉಜ್ಜಿ, ದವಡೆ ಕೆಳಮುಖವಾಗಿ ನೇತುಹಾಕಿ ಒಣಗಿಸಿ. ಎಂಜಲು ಪಾತ್ರೆಗಳ ಜೊತೆ ನೀರಲ್ಲಿ ನೆನೆಹಾಕಬೇಡಿ: ಸ್ಪ್ರಿಂಗಿಗೆ ನೀರು ಹೋಗಿ ತುಕ್ಕು ಹಿಡಿದರೆ ಒತ್ತಿದ ಗುಂಡಿ ಮೇಲೇಳುವುದಿಲ್ಲ.

ಒಲೆ ಮೇಲೆ ಪಾತ್ರೆ ಇರುವಾಗ ಹಿಡಿ ಅದರಲ್ಲಿ ಇರಬಾರದು. ಎತ್ತಲು ಸಿಕ್ಕಿಸಿ, ಕೆಲಸ ಆದ ಕೂಡಲೇ ಬಿಡಿಸಿ. 16 ಸೆಂ.ಮೀ. ಪಾತ್ರೆಯನ್ನು ಹಿಡಿ ಸಮೇತ ದೊಡ್ಡ ಬರ್ನರ್‌ಗೆ ಇಟ್ಟರೆ ಉರಿ ಬದಿಗೆ ಹಬ್ಬಿ ದವಡೆಯ ರಬ್ಬರು, ಪ್ಲಾಸ್ಟಿಕ್ಕು ಸುಟ್ಟು ಗಟ್ಟಿಯಾಗುತ್ತವೆ, ಆಮೇಲೆ ಹಿಡಿತ ಇರುವುದಿಲ್ಲ. ಚಿಕ್ಕ ಪಾತ್ರೆಗೆ ಚಿಕ್ಕ ಬರ್ನರ್‌, ಉರಿ ತಳ ದಾಟಬಾರದು. ಬಿಡಿಸಿದ ಹಿಡಿಯನ್ನು ಡ್ರಾಯರಿಗೆ ಹಾಕದೆ ಒಲೆಯ ಬಲಗಡೆ ಗೋಡೆಗೆ ಒಂದು ಕೊಕ್ಕೆ ಹೊಡೆದು ಅಲ್ಲೇ ತೂಗುಹಾಕಿ. ಹಾಲು ಉಕ್ಕಿದಾಗ ಕೈ ಮೊದಲು ಗ್ಯಾಸಿನ ಗುಂಡಿಗೆ ಹೋಗಲಿ, ಹಿಡಿಗೆ ಆಮೇಲೆ. ಇನ್ನೊಂದು ಮಾತು: ಹಿಡಿ ಇಲ್ಲದ ಬಿಸಿ ಪಾತ್ರೆ ತಣ್ಣಗಿರುವಂತೆ ಕಾಣುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಕಟ್ಟೆಯ ಅಂಚಿಗೆ ಇಡಲೇಬೇಡಿ.

ಮೂರು ಲೀಟರಿಗೆ ಮೇಲ್ಪಟ್ಟ ಸಾಂಬಾರನ್ನು ಒಂದೇ ಹಿಡಿಯಲ್ಲಿ ಎತ್ತುವುದು ಜಂಬದ ಕೆಲಸ. ಎದುರುಬದುರು ಎರಡು ಹಿಡಿ ಹಾಕಿ, ಇಲ್ಲವೇ ದಪ್ಪ ಹತ್ತಿಯ ಮಸಿಬಟ್ಟೆ ಹಿಡಿಯಿರಿ. ಸಿಂಥೆಟಿಕ್‌ ಬಟ್ಟೆ ಉರಿಗೆ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಪೂರಿ ಕರಿದ ಎಣ್ಣೆಯನ್ನಂತೂ ಯಾವ ಹಿಡಿಯಲ್ಲೂ ಎತ್ತಬೇಡಿ, ಇದ್ದಲ್ಲೇ ಆರಲಿ.

ನಾನ್‌ಸ್ಟಿಕ್‌ ಸೆಟ್ಟಾದರೆ ದವಡೆ ಕಚ್ಚುವ ಜಾಗದಲ್ಲಿ ಲೇಪ ಮೊದಲು ಕೀಳುತ್ತದೆ. ಪ್ರತಿ ಸಲ ಒಂದೇ ಕಡೆ ಹಾಕದೆ ಸುತ್ತ ಬದಲಾಯಿಸುತ್ತಿರಿ. ಒಂದರೊಳಗೊಂದು ಇಡುವಾಗ ನಡುವೆ ಹಳೇ ಕಾಟನ್‌ ಸೀರೆಯ ತುಂಡು ಹಾಸಿ. ಖಾಲಿ ಬಾಣಲೆಯನ್ನು ಜೋರುರಿಗೆ ಕಾಯಿಸಬೇಡಿ: 260 ಡಿಗ್ರಿ ಸೆಲ್ಸಿಯಸ್‌ ದಾಟಿದರೆ ಲೇಪ ಕೆಡಲು ಶುರುವಾಗುತ್ತದೆ, ಜೋರುರಿಯಲ್ಲಿ ಕೆಲವೇ ನಿಮಿಷದಲ್ಲಿ ಅಷ್ಟು ಕಾಯುತ್ತದೆ. ಇಂಡಕ್ಷನ್‌ ಒಲೆ ಇದ್ದವರು ಅಂಗಡಿಗೆ ಒಂದು ಅಯಸ್ಕಾಂತ ಒಯ್ದು ತಳದ ನಡುವೆಯೂ ಅಂಚಿನಲ್ಲೂ ಇಟ್ಟು ನೋಡಿ. ಎರಡೂ ಕಡೆ ಕಚ್ಚಬೇಕು.

ಎಲ್ಲದಕ್ಕೂ ಕಳಚುವ ಹಿಡಿ ಬೇಕಿಲ್ಲ. ಒಗ್ಗರಣೆ ಸೌಟಿನ ಹಿಡಿ ಗಟ್ಟಿಯಾಗಿಯೇ ಇರಲಿ, ಕಾದ ಎಣ್ಣೆಯ ಜೊತೆ ಆಟ ಬೇಡ. ಕುಕ್ಕರಿನ ಹಿಡಿಗೆ ಸ್ಕ್ರೂ ಇದೆ, ಅದು ಸಡಿಲವಾದರೆ ಬಿಗಿಸಿ, ಕಳಚಬೇಡಿ. ಮುಚ್ಚಳದ ಗುಬ್ಬಿಯೂ ಜಾಗ ತಿನ್ನುತ್ತದೆ. ಅಂಚು ಸರಿಯಾಗಿ ಕೂರುವ ಸ್ಟೀಲ್‌ ತಟ್ಟೆಯೊಂದು ಸಾಕು.

ಸೆಟ್ಟಿನ ಜೊತೆಗೇ ಇನ್ನೊಂದು ಹಿಡಿ ಕೊಂಡಿಡಿ. ಒಂದು ಕಂಪನಿಯದು ಇನ್ನೊಂದರ ಪಾತ್ರೆಗೆ ಹೆಚ್ಚಾಗಿ ಕೂರುವುದಿಲ್ಲ. ಅಂಚಿನ ದಪ್ಪವೇ ಬೇರೆ, ಕೂತಂತೆ ಕಂಡರೂ ನಂಬಬೇಡಿ. ಅಕಸ್ಮಾತ್‌ ಎರಡೂ ಮುರಿದು ಹೊಸದು ಸಿಗದಿದ್ದರೆ ಸ್ಟೀಲ್‌ ಪಾತ್ರೆಗೆ ಹಳೇ ಇಕ್ಕಳವೇ ಆದೀತು. ನಾನ್‌ಸ್ಟಿಕ್ಕಿಗೆ ಇಕ್ಕಳ ಹಾಕಿದರೆ ಲೇಪ ಕಿತ್ತು ಬರುತ್ತದೆ, ಅದಕ್ಕೆ ಮಸಿಬಟ್ಟೆಯೇ ಗತಿ.